ಮಗಳಿಗೊಂದು ಪತ್ರ: ಆ ಟಿಫಿನ್ ಡಬ್ಬಿ ವಿಷ್ಯ

ಪುಟ್ಟಿ,

ಸಿಯಾಟಲ್ ತಲುಪಿದೆ ಅಂತ ನೀನು ಹಾಕಿದ ಮೆಸೇಜು ನಿಮ್ಮಪ್ಪಂಗೆ ಬಂತು, ನಂಗೆ ಬರ್ಲಿಲ್ಲ. ಇರ್ಲಿ ಬಿಡು. ಅವರೇ ಫೋನ್ ತಂದು ತೋರ್ಸಿದ್ರು, ನೋಡ್ದೆ, ಸರಿ ಅಂದು ಪಾತ್ರೆ ತೊಳೆಯಕ್ಕೆ ಹೋದೆ. ಶನಿವಾರ ರಾತ್ರಿ ಊಟದ ಟೇಬಲ್ ಹತ್ರ ಆಗಿದ್ದನ್ನ ಮತ್ತೆ ಬರೆಯಲ್ಲ, ನಿಂಗೂ ನೆನಪಿದೆ ನಂಗೂ ನೆನಪಿದೆ, ನಿಮ್ಮಪ್ಪ ಮಾತ್ರ ಏನೂ ಆಗೇ ಇಲ್ಲ ಅನ್ನೋ ಥರ ಓಡಾಡ್ತಿದಾರೆ. ಆದ್ರೆ ಒಂದು ಮಾತು ಮೀನಿನ ಮುಳ್ಳಿನ ಥರ ಗಂಟಲಲ್ಲೇ ಕೂತಿದೆ, ಅನ್ನ ನುಂಗಿದ್ರೂ ಇಳೀತಿಲ್ಲ. "ಯಾರದೋ ಮನೆ ಊಟ ಹಾಕಿ ಬೆಳೆಸಿದೀಯ ನನ್ನ" ಅಂದ್ಯಲ್ಲ, ಅದು.

ಕನ್ನಡದಲ್ಲೇ ಬರೀತಿದೀನಿ. ನಾಲ್ಕು ವರ್ಷ ಭಾನುವಾರ ಕನ್ನಡ ಕ್ಲಾಸಿಗೆ ಅಳ್ತಾ ಅಳ್ತಾ ಹೋಗಿದ್ದು ಈಗ್ಲಾದ್ರೂ ಕೆಲಸಕ್ಕೆ ಬರ್ಲಿ. ಓದೋದು ಕಷ್ಟ ಆದ್ರೆ ಜೋರಾಗಿ ಓದು, ಕಿವಿಗೆ ಬಿದ್ರೆ ಅರ್ಥ ಆಗುತ್ತೆ ನಿಂಗೆ.

ನೋಡು, ಮುದ್ದೆ ಉಪ್ಸಾರು ಬೇಕು ಅಂತ ಒಂದು ಮಾತು ಮೊದ್ಲೇ ಹೇಳಿದ್ರೆ ಮಾಡ್ತಿರ್ಲಿಲ್ವಾ ನಾನು? ಮಗಳು ಊರು ಬಿಟ್ಟು ಹೋಗ್ತಿದಾಳೆ, ಚಿಕ್ಕೋಳಿದ್ದಾಗ ಏನು ಇಷ್ಟಪಡ್ತಿದ್ಲೋ ಅದನ್ನೇ ಮಾಡೋಣ ಅಂತ ಬೆಳಿಗ್ಗೆ ಹನ್ನೊಂದಕ್ಕೆ ಕೋಳಿ ಬೇಯಕ್ಕೆ ಇಟ್ಟಿದ್ದೆ. ಬಾಟ್ ಬಾಯ್, ಬೆಣ್ಣೆ ನೂಡಲ್ಸು, ಚೌ ಚೌ, ಶೂಫ್ಲೈ ಪೈ, ಎಲ್ಲಾ ಇಲ್ಲಿನವರ ಅಡುಗೆ. ಒಂದೇ ದಿನ ನಾಲ್ಕೂ ಮಾಡಿದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಮೊದಲ್ನೇ ಸಲ ನೀನು ಹೈಸ್ಕೂಲ್ ಮುಗಿಸಿದಾಗ, ಎರಡು ಪ್ಲೇಟು ತಿಂದು ಸೋಫಾ ಮೇಲೆ ಬಿದ್ಕೊಂಡಿದ್ದೆ. ಅದು ಮರ್ತೋಯ್ತು ಅನ್ಸುತ್ತೆ.

ನಿಂಗೆ ಗೊತ್ತಿಲ್ದೇ ಇರೋದು ಒಂದಿದೆ. ಗೊತ್ತಿದ್ರೂ ಇರ್ಬಹುದು, ನಾವಿಬ್ರೂ ಯಾವತ್ತೂ ಮಾತಾಡಿಲ್ಲ ಅಷ್ಟೇ.

2008ರಲ್ಲಿ ನೀನು ಎರಡನೇ ಕ್ಲಾಸು. ನಾವು ಪೆನ್ಸಿಲ್ವೇನಿಯಾದ ಈ ಲ್ಯಾಂಕಾಸ್ಟರಿಗೆ ಬಂದು ಆರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ತಿದ್ದೆ, ಚಿತ್ರಾನ್ನ, ಉಪ್ಪಿಟ್ಟು, ಅಕ್ಕಿರೊಟ್ಟಿ ಚಟ್ನಿ, ಒಂದೊಂದ್ ದಿನ ಮೊಸರನ್ನ. ಆ ಸ್ಟೀಲ್ ಡಬ್ಬಿ ನೆನಪಿದ್ಯಾ, ಮುಚ್ಚಳದ ಮೇಲೆ ಅಜ್ಜಿ ಹೆಸರು ಕೆತ್ತಿರೋದು, ಹಾಸನದಿಂದ ತಂದಿದ್ದು. ಸಾಯಂಕಾಲ ಬ್ಯಾಗ್ ತೆಗೆದ್ರೆ ಡಬ್ಬಿ ಫಳಫಳ ಅಂತಿರೋದು. ಒಂದು ಅಗುಳಿಲ್ಲ, ಒಂದು ಸಾಸಿವೆ ಇಲ್ಲ. ಅಜ್ಜಿಗೆ ಫೋನ್ ಮಾಡಿ, ಒಂದಗುಳೂ ಬಿಡಲ್ಲಮ್ಮ ನಿನ್ ಮೊಮ್ಮಗಳು ಅಂತ ಹೇಳಿ ಹೇಳಿ ಬೀಗಿದ್ದೇ ಬೀಗಿದ್ದು. ಡಬ್ಬಿಗೆ ಒಂದು ವಾಸನೆ ಇರ್ತಿತ್ತು, ಸಿಹಿ ಸಿಹಿ, ಒಂಥರಾ ರೋಸ್ ಥರ. ಲಂಚ್ ಬ್ಯಾಗಿಂದು ಅಂದ್ಕೊಂಡು ಬ್ಯಾಗನ್ನ ಎರಡು ಸಲ ಒಗೆದಿದ್ದೆ.

ಅಕ್ಟೋಬರ್‌ನಲ್ಲಿ ಟೀಚರ್ ನೋಡಕ್ಕೆ ಅಂತ ಸ್ಕೂಲಿಗೆ ಬಂದವಳು ಕೈ ತೊಳೆಯಕ್ಕೆ ಹುಡುಗೀರ ಬಾತ್‌ರೂಮಿಗೆ ಹೋದೆ. ಗೋಡೆ ಮೇಲೆ ಪಿಂಕ್ ಸೋಪಿನ ಡಬ್ಬ. ಒತ್ತಿದೆ, ಕೈಗೆ ಬಿತ್ತು, ಮೂಗಿಗೆ ಬಡೀತು. ಅದೇ ವಾಸನೆ.

ಅಲ್ಲೇ ನಿಂತ್ಬಿಟ್ಟೆ. ನಲ್ಲಿ ಹರೀತಾನೇ ಇತ್ತು. ಏಳು ವರ್ಷದ ಮಗು ದಿನಾ ಆ ಸಿಂಕಿನ ಹತ್ರ ತುದಿಗಾಲಲ್ಲಿ ನಿಂತು ಡಬ್ಬಿ ತೊಳೀತಿತ್ತು, ಅಮ್ಮಂಗೆ ಬೇಜಾರಾಗಬಾರ್ದು ಅಂತ. ಚೆಲ್ಲಿ ಸುಮ್ನೆ ಹಾಗೇ ತರ್ಬಹುದಿತ್ತಲ್ಲ ಪುಟ್ಟಿ, ಬೈತಿದ್ದೆ, ಮುಗೀತಿತ್ತು. ತೊಳೆದು ತಂದಿದ್ದೆ ನೀನು. ಎಷ್ಟು ದಿನ? ನಾನು ಲೆಕ್ಕ ಹಾಕಿದ್ದೆ, ಸ್ಕೂಲು ಶುರುವಾದಾಗಿಂದ ಅಂದ್ರೆ ಮೂವತ್ತೈದು ದಿನದ ಮೇಲೆ. ಮೂವತ್ತೈದು ಡಬ್ಬಿ. ಸಾಯಂಕಾಲ ಬಂದವಳು ಬಿಸ್ಕೆಟ್ ಡಬ್ಬಕ್ಕೆ ಮುಗಿಬೀಳ್ತಿದ್ದೆ, ಬೆಳೆಯೋ ಮಗು ಹಸಿವು ಜಾಸ್ತಿ ಅಂತಿದ್ವಿ ನಾನೂ ನಿಮ್ಮಪ್ಪನೂ.

ಅವತ್ತು ನಿನ್ನ ಏನೂ ಕೇಳ್ಲಿಲ್ಲ. ನಾಳೆ ಏನು ಹಾಕ್ಲಿ ಅಂತ ಮಾತ್ರ ಕೇಳ್ದೆ. ಪಕ್ಕದಲ್ಲಿ ಕೂರೋ ಹುಡುಗಿ ಫ್ಲಾಸ್ಕಲ್ಲಿ ಬೆಣ್ಣೆ ನೂಡಲ್ಸ್ ತರ್ತಾಳೆ ಅಂದೆ. ನಾನು ಅಂಗಡಿ ನೂಡಲ್ಸ್ ಬೇಯಿಸಿ ಬೆಣ್ಣೆ ಹಾಕ್ಕೊಟ್ಟೆ. ಇದಲ್ಲ, ಅದು ಕಂದು ಬಣ್ಣ ಇರುತ್ತೆ, ಅಂದೆ.

ಮಂಗಳವಾರ ಸೆಂಟ್ರಲ್ ಮಾರ್ಕೆಟ್ಟಿಗೆ ಹೋದೆ. 1889ರ ಆ ಕೆಂಪು ಇಟ್ಟಿಗೆ ಕಟ್ಟಡ ನೋಡಿದ್ರೆ ಈಗ್ಲೂ ನಂಗೆ ಊರಿನ ಹಳೇ ಮಾರ್ಕೆಟ್ಟೇ ನೆನಪಾಗೋದು, ವಾಸನೆ ಮಾತ್ರ ಬೇರೆ. ನೂಡಲ್ಸ್ ಮಾರ್ತಿದ್ದಿದ್ದು ಒಬ್ಬ ಆಮಿಶ್ ಅಜ್ಜಿ, ಅದೇ ಹಳೇ ಕಾಲದ ಥರಾನೇ ಬದುಕೋ ಕ್ರಿಶ್ಚಿಯನ್ ಪಂಗಡದವರು, ಬಿಳೀ ಟೊಪ್ಪಿ, ಏಪ್ರನ್ನು, ಮುಖದಲ್ಲಿ ನಗು ಇಲ್ಲ. ನನ್ನ ಮಗಳು ಊಟ ಮಾಡ್ತಿಲ್ಲ ಅಂದೆ. ಯಾಕೆ ಅಷ್ಟು ಹೇಳ್ದೆ ಗೊತ್ತಿಲ್ಲ, ನನ್ನ ಇಂಗ್ಲಿಷ್ ಆಗ ಇನ್ನೂ ಹರಕು ಮುರುಕು. ಅವರು ಪ್ಯಾಕೆಟ್ ಕಟ್ತಾ ಹೇಳಿದ್ರು, ನೀವು ಇಂಗ್ಲಿಷ್ ಜನ ಬೆಣ್ಣೇನ ಬೇಗ ಇಳಿಸ್ಬಿಡ್ತೀರಿ, ಇನ್ನೊಂಚೂರು ಬಿಡಿ ಅಂತ. ತಮಾಷೆ ನೋಡು, ಆಮಿಶ್ ಅಲ್ಲದವರೆಲ್ಲಾ ಅವರ ಲೆಕ್ಕದಲ್ಲಿ ಇಂಗ್ಲಿಷ್. ಹಾಸನದವಳನ್ನ ಇಂಗ್ಲಿಷ್ ಅಂತ ಕರೆದಿದ್ದು ಪ್ರಪಂಚದಲ್ಲಿ ಅವರೊಬ್ರೇ.

ಮನೆಗೆ ಬಂದು ಬೆಣ್ಣೆ ಇಟ್ಟೆ. ಕರಗ್ತು, ನೊರೆ ಬಂತು, ಚಟಪಟ ಸದ್ದು ನಿಧಾನ ಆಯ್ತು, ತಳದಲ್ಲಿ ಕಂದು ಪುಡಿ ಕೂತ್ಕೊಳ್ಳಕ್ಕೆ ಶುರುವಾಯ್ತು, ಘಮ್ ಅಂತು. ಅಯ್ಯೋ, ಇದು ನಮ್ಮಮ್ಮ ಬೆಣ್ಣೆ ಕಾಯ್ಸೋದೇ ಅಲ್ವಾ! ವೀಳ್ಯದೆಲೆ ಒಂದು ಹಾಕಿಲ್ಲ ಅಷ್ಟೇ. ನಾವು ತುಪ್ಪ ಸೋಸ್ಕೊಂಡು ಆ ಕಂದು ಪುಡಿ ಇರೋ ಪಾತ್ರೆಗೆ ಅನ್ನ ಹಾಕಿ ಕಲಸ್ಕೊಂಡು ಅಣ್ಣ ತಂಗಿ ಜಗಳ ಆಡ್ತಿದ್ವಿ, ಇವರು ಸೋಸ್ದೇನೇ ನೂಡಲ್ಸಿಗೆ ಹಾಕ್ತಾರೆ. ಅದಕ್ಕೆ ಕೋಳಿ ಬೇಯಿಸಿದ ನೀರು, ಉಪ್ಪು, ಕುದಿ ಬಂದ್ಮೇಲೆ ಮೊಟ್ಟೆ ನೂಡಲ್ಸು, ಮತ್ತೊಂದು ಕುದಿ, ಮುಚ್ಚಳ ಮುಚ್ಚಿ ಒಲೆ ಆರಿಸಿ ಅರ್ಧ ಗಂಟೆ ಆ ಕಡೆ ತಿರುಗಿ ನೋಡಬಾರ್ದು. ಅವತ್ತಿನ ಡಬ್ಬಿ ಸಾಯಂಕಾಲ ಜಿಡ್ಡು ಜಿಡ್ಡಾಗಿ ವಾಪಸ್ ಬಂತು. ಮೂಲೇಲಿ ಒಂದು ನೂಡಲ್ ಅಂಟ್ಕೊಂಡಿತ್ತು. ಅದನ್ನ ನೋಡಿ ನಾನು ಅತ್ತಿದ್ದು ನಿಮ್ಮಪ್ಪಂಗೂ ಹೇಳಿಲ್ಲ.

ಆಮೇಲೆ ಹುಚ್ಚು ಹಿಡೀತು ನಂಗೆ, ಒಪ್ಕೋತೀನಿ. ಮಾರ್ಕೆಟ್ ಇರೋ ಮಂಗಳವಾರ ಶುಕ್ರವಾರ ತಪ್ಪಿಸ್ತಿರ್ಲಿಲ್ಲ. ಬಾಟ್ ಬಾಯ್ ಅಂದ್ರೆ ಪಾಟ್ ಪೈ ಅಂತ ಗೊತ್ತಾಗಿ ಪೈ ತಟ್ಟೆ ತಂದಿಟ್ಟುಕೊಂಡ್ರೆ ಆ ಮಾರ್ಕೆಟ್ ಅಜ್ಜಿ ತಲೆ ಅಲ್ಲಾಡಿಸಿದ್ರು, ಇಲ್ಲಿ ಅದಕ್ಕೆ ತಟ್ಟೇನೂ ಇಲ್ಲ ಓವನ್ನೂ ಇಲ್ಲ, ಸಾರಲ್ಲಿ ಬೇಯೋ ಹಿಟ್ಟಿನ ಚೌಕ ಅದು. ಎರಡು ಕಪ್ ಮೈದಾ, ಎರಡು ಮೊಟ್ಟೆ, ಒಂಚೂರು ಬೆಣ್ಣೆ, ಉಪ್ಪು, ಹಿಡಿಯೋಷ್ಟು ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿ ಇರ್ಬೇಕು, ತೆಳ್ಳಗೆ ಲಟ್ಟಿಸಿ ಎರಡಿಂಚು ಚೌಕ ಕುಯ್ದು, ಕೋಳಿ ಆಲೂಗಡ್ಡೆ ಸೆಲರಿ ಕುದೀತಿರೋ ಸಾರಿಗೆ ಒಂದೊಂದಾಗಿ ಬಿಡ್ಬೇಕು, ಒಟ್ಟಿಗೆ ಸುರಿದ್ರೆ ಮುದ್ದೆ ಆಗುತ್ತೆ (ನೀನು ಕೇಳಿದ ಮುದ್ದೆ ಅಲ್ಲ). ಜೊತೆಗೆ ನಾಲ್ಕೆಸಳು ಕೇಸರಿ. ಕೇಸರಿ ಅಂದ್ರೆ ಕಾಶ್ಮೀರ ಮಾತ್ರ ಅಂದ್ಕೊಂಡಿದ್ದೆ, ಈ ಪೆನ್ಸಿಲ್ವೇನಿಯಾ ಡಚ್ ಜನ, ಅಂದ್ರೆ ಇಲ್ಲಿನ ಜರ್ಮನ್ ಮೂಲದವರು, ತಲೆತಲಾಂತರದಿಂದ ಹಿತ್ತಲಲ್ಲೇ ಬೆಳ್ಕೋತಾರಂತೆ. ಚೌ ಚೌ ಅಂದ್ರೆ ಹೂಕೋಸು, ಬೀನ್ಸು, ಜೋಳ ಎಲ್ಲಾ ಸಕ್ಕರೆ ವಿನಿಗರ್‌ನಲ್ಲಿ ಹಾಕಿದ ಉಪ್ಪಿನಕಾಯಿ, ಅದಕ್ಕೆ ನಾನು ಹಸಿಮೆಣಸಿನಕಾಯಿ ಸೀಳಿ ಹಾಕ್ತಿದ್ದೆ, ನೀನು ಅದನ್ನೇ ಆರಿಸ್ಕೊಂಡು ತಿಂತಿದ್ದೆ. ಶೂಫ್ಲೈ ಪೈ ಒಳಗಿನ ಮೊಲಾಸಸ್ಸು ನಮ್ಮ ಜೋನಿ ಬೆಲ್ಲದ ತಮ್ಮ, ಸ್ವಲ್ಪ ಕಹಿ ತಮ್ಮ.

ಹಾಗಾಗಿ ಯಾರದೋ ಮನೆ ಊಟ ಅಂದಾಗ ಏನು ಹೇಳ್ಬೇಕೋ ತೋಚ್ಲಿಲ್ಲ, ಕಿರುಚಿಬಿಟ್ಟೆ. ಆಮಿಶ್‌ನವರು ಊಟಕ್ಕೆ ಮುಂಚೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ ಬಾಯಿ ಬಿಡ್ದೆ ತಲೆ ಬಗ್ಗಿಸಿ ಪ್ರಾರ್ಥನೆ ಮಾಡ್ತಾರೆ. ಅವತ್ತು ನಮ್ಮನೇಲೂ ಊಟ ಆದ್ಮೇಲೆ ಯಾರೂ ಬಾಯಿ ಬಿಡ್ಲಿಲ್ಲ, ಪ್ರಾರ್ಥನೆ ಅಂತೂ ಅಲ್ಲ ಅದು.

ಆದ್ರೆ ನೀನಂದಿದ್ದು ಪೂರ್ತಿ ಸುಳ್ಳೂ ಅಲ್ಲ. ಅದೇ ಚುಚ್ತಿರೋದು. ಆ ಅಜ್ಜಿ ಜನ 18ನೇ ಶತಮಾನದಲ್ಲಿ ಹಡಗಲ್ಲಿ ಬಂದವರು. ಇನ್ನೂ ಮನೇಲಿ ಡೈಚ್, ಅಂದ್ರೆ ಅವರ ಜರ್ಮನ್ ಆಡುಮಾತು, ಮಾತಾಡ್ತಾರೆ, ಚರ್ಚಲ್ಲಿ ಜರ್ಮನ್, ಹೊರಗಿನವರ ಹತ್ರ ಇಂಗ್ಲಿಷು. ಮಾರ್ಕೆಟ್ಟಲ್ಲಿ ಮೊಮ್ಮಕ್ಕಳನ್ನ ಡೈಚಲ್ಲೇ ಗದರ್ತಿದ್ರು, ಆ ಚಿಕ್ಕವು ಡೈಚಲ್ಲೇ ಎದುರು ಮಾತಾಡೋವು, ನಾನು ದುಡ್ಡು ಎಣಿಸೋ ನೆಪದಲ್ಲಿ ನಿಂತು ಕೇಳ್ತಿದ್ದೆ. ನಾನು? ಬಂದ ಮೊದಲ್ನೇ ವರ್ಷಕ್ಕೇ ಡಬ್ಬಿ ಅಟ್ಟಕ್ಕೆ ಹಾಕ್ದೆ. ನೀನು ಊಟ ಮಾಡಿದ್ರೆ ಸಾಕು ಅಂತ ಒಗ್ಗರಣೆ ವಾಸನೇನೇ ಸ್ಕೂಲ್ ಟೈಮಲ್ಲಿ ಮನೆಯಿಂದ ಓಡ್ಸಿದೆ. ಇನ್ನೊಂದು ನಾಲ್ಕು ದಿನ ಹಟ ಮಾಡಿದ್ರೆ ಆಗ್ತಿತ್ತೇನೋ. ಟೀಚರ್ ಹತ್ರ ಮಾತಾಡ್ಬಹುದಿತ್ತೇನೋ, ಯಾರು ಏನಂದ್ರು ಅಂತ ನಿನ್ನನ್ನ ಕೂರಿಸ್ಕೊಂಡು ಕೇಳ್ಬಹುದಿತ್ತು. ಕೇಳ್ಲಿಲ್ಲ. ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ ಅನ್ನೋ ಭಯ ನಂಗೆ. ಅದಕ್ಕೆ ಸಾರಿ. ನೂಡಲ್ಸಿಗೆ ಸಾರಿ ಕೇಳಲ್ಲ, ಅದು ಚೆನ್ನಾಗೇ ಇತ್ತು.

ಹಾಗಂತ ನೀನೂ ಎಲ್ಲಾ ನನ್ನ ತಲೆಗೆ ಕಟ್ಟಬೇಡ. ಇಪ್ಪತ್ನಾಲ್ಕು ವರ್ಷ ಆಯ್ತು, ಮುದ್ದೆ ಬೇಕು ಅಂದ್ರೆ ಕಲೀಬೇಕು. ನೀರು ಕುದಿಯೋವಾಗ ಎಸರಿಗೆ ಒಂದು ಚಮಚ ಹಿಟ್ಟು ಕದಡಿ ಬಿಡು, ಆಮೇಲೆ ಹಿಟ್ಟು ಗೋಪುರದ ಥರ ಸುರಿದು ಬೇಯಕ್ಕೆ ಬಿಡು, ಆಗ್ಲೇ ಕೋಲು ಹಾಕಿ ಕಲಕ್ಬೇಡ, ಗಂಟಾಗುತ್ತೆ. ಹೊರಗಿಂದ ತರ್ಸೋದು ಕಮ್ಮಿ ಮಾಡು, ಒಂದು ಪಾತ್ರೆ ಊಟಕ್ಕೆ ಅಷ್ಟು ಡಾಲರ್ ಕೊಡ್ತಾರಾ ಯಾರಾದ್ರೂ? ರಾತ್ರಿ ಹನ್ನೆರಡಕ್ಕೆ ತಿನ್ನೋದಲ್ಲ, ಇಲ್ಲಿ ರೈತರು ಐದು ಗಂಟೆಗೇ ಸಪ್ಪರ್ ಮುಗಿಸ್ತಾರೆ. ಒಲೆ ಆರ್ಸಿದ್ಯಾ ಅಂತ ಎರಡು ಸಲ ನೋಡು. ಬಾಗ್ಲು ಕೂಡ. ಮಳೆ ಊರು ಅದು, ಕೂದಲು ಒಣಗಿಸ್ಕೊಂಡು ಆಚೆ ಹೋಗು. ನೋಡು ಮತ್ತೆ ಶುರು ಮಾಡ್ದೆ, ಭಾಷಣ ಮಾಡಲ್ಲ ಅಂತಾನೇ ಪೆನ್ನು ಹಿಡಿದಿದ್ದು.

ಇನ್ನೊಂದು, ಇದು ನಿಮ್ಮಪ್ಪನ ಜೋಕು, ನಂದಲ್ಲ. ಇಲ್ಲಿ ಆಮಿಶ್ ಮದುವೆಗಳು ಸುಗ್ಗಿ ಮುಗಿದ್ಮೇಲೆ, ಮಂಗಳವಾರ ಗುರುವಾರನೇ ಜಾಸ್ತಿ, ಊಟಕ್ಕೆ ಕೆನೆ ಹಾಕಿದ ಸೆಲರಿ ಇರ್ಲೇಬೇಕು, ಅದಕ್ಕೆ ಯಾರ ತೋಟದಲ್ಲಿ ಸೆಲರಿ ಸಾಲು ಜಾಸ್ತಿಯೋ ಅವರ ಮನೇಲಿ ಹುಡುಗಿ ಮದುವೆ ಅಂತ ಊರೆಲ್ಲಾ ಗುಸುಗುಸು. ಹಿಂದುಗಡೆ ಎರಡು ಸಾಲು ಸೆಲರಿ ಹಾಕ್ಲಾ ಅಂತ ಕೇಳ್ತಿದಾರೆ. ಉತ್ತರ ಕೊಡೋದು ಬಿಡೋದು ನಿಂಗೆ ಬಿಟ್ಟಿದ್ದು. ನಾನಂತೂ ಕೇಳಿಲ್ಲ.

ಕೆಲಸ ಸಿಕ್ಕಿದ್ದಕ್ಕೆ ನಂಗೆ ಎಷ್ಟು ಹೆಮ್ಮೆ ಅಂತ ಅವತ್ತು ಹೇಳ್ಬೇಕು ಅಂತಲೇ ಇದ್ದೆ, ಪೈ ಕುಯ್ಯೋವಾಗ ಹೇಳೋಣ ಅಂತ. ಪೈ ಕುಯ್ಯೋವರೆಗೂ ನಾವು ಹೋಗ್ಲೇ ಇಲ್ಲ. ಈಗ ಫ್ರೀಜರಲ್ಲಿದೆ, ನಿಮ್ಮಪ್ಪ ಕಣ್ಣು ಹಾಕಿದಾರೆ, ಮುಟ್ಟಕ್ಕೆ ಬಿಟ್ಟಿಲ್ಲ.

ರಾಗಿ ಹಿಟ್ಟು ಎರಡು ಕೆಜಿ, ಮುದ್ದೆ ಕೋಲು, ಉಪ್ಸಾರಿನ ಖಾರ ಒಂದು ಬಾಟ್ಲು ಪಾರ್ಸಲ್ ಮಾಡಿದೀನಿ, ಶುಕ್ರವಾರ ಬರುತ್ತಂತೆ, ಬಾಗಿಲ ಹತ್ರ ಬಿಟ್ಟು ಹೋಗ್ತಾರೆ, ನೆನೆಯೋಕೆ ಬಿಡ್ಬೇಡ. ಜಾಗ ಉಳಿದಿತ್ತು ಅಂತ ನೂಡಲ್ಸ್ ಪ್ಯಾಕೆಟ್ಟೂ ಒಂದು ಹಾಕಿದೀನಿ, ಬೇಡ ಅಂದ್ರೆ ಯಾರಿಗಾದ್ರೂ ಕೊಡು. ಕೆಳಗಡೆ ಬಟ್ಟೇಲಿ ಸುತ್ತಿರೋದು ಅಜ್ಜಿ ಡಬ್ಬಿ. ಅಟ್ಟದಿಂದ ಇಳಿಸಿ ಹುಣಸೆಹಣ್ಣಲ್ಲಿ ಉಜ್ಜಿದೀನಿ.

ಪುಟ್ಟಿ, ಒಂದು ಕೇಳ್ಲಾ? ಸಾಯಂಕಾಲ ತೆಗೆದಾಗ ಆ ಡಬ್ಬಿ ಯಾವತ್ತೂ ಒದ್ದೆ ಇರ್ತಿರ್ಲಿಲ್ಲ, ಅಂಚಿನ ಮಡಿಕೇಲೂ ನೀರಿರ್ತಿರ್ಲಿಲ್ಲ. ಯಾವುದ್ರಲ್ಲಿ ಒರೆಸ್ತಿದ್ದೆ ನೀನು? ನಿನ್ನ ಸ್ವೆಟರಲ್ಲಾ?

ಅಮ್ಮ