ಖೇಣಿ ಕರಾರಿಗೆ ಅಡಿಕೆ ಸಿಪ್ಪೆಯೂ ಸೇರಲಿ

ಮಾನ್ಯರೇ,

ಅಡಿಕೆ ಕೊಯ್ಲು ಶುರುವಾಯಿತೆಂದರೆ ಚನ್ನಗಿರಿ, ಭದ್ರಾವತಿ ಕಡೆ ರಸ್ತೆ ಬದಿಯಲ್ಲಿ ಸಿಪ್ಪೆಯ ಗುಡ್ಡೆಗಳು ಏಳುತ್ತವೆ. ಯಾರೋ ಬೆಂಕಿ ಇಡುತ್ತಾರೆ. ಹಸಿ ಸಿಪ್ಪೆ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತಾ ದಿನಗಟ್ಟಲೆ ಹೊಗೆ ಬಿಡುತ್ತದೆ. ಬೆಳಗಿನ ಮಂಜಿಗೆ ಆ ಹೊಗೆಯೂ ಸೇರಿದರೆ ಎದುರಿಗೆ ಬರುವ ಟ್ರ್ಯಾಕ್ಟರ್ ಕಾಣುವುದಿಲ್ಲ. ದಂಡ ಹಾಕಿ ಎಂದು ಜನ ಕೇಳುವುದು ನ್ಯಾಯವೇ. ಆದರೆ ಈ ಸಿಪ್ಪೆ ರಸ್ತೆಗೆ ಯಾಕೆ ಬರುತ್ತದೆ ಅಂತಲೂ ನೋಡಬೇಕಲ್ವಾ? ನಾನೂ ಅಡಿಕೆ ಬೆಳೆಗಾರ, ಅದಕ್ಕೇ ಈ ಪತ್ರ.

ನಮ್ಮಲ್ಲಿ ಬಹಳಷ್ಟು ತೋಟಗಳು ಖೇಣಿಗೆ ಹೋಗುತ್ತವೆ, ಅಂದರೆ ಮರದಲ್ಲಿರುವ ಫಸಲನ್ನೇ ಗುತ್ತಿಗೆಗೆ ಕೊಡುತ್ತೇವೆ. ಖೇಣಿದಾರರು ಗೊನೆ ಇಳಿಸಿ, ತಮ್ಮ ಕಣಕ್ಕೆ ಒಯ್ದು ಸುಲಿಸುತ್ತಾರೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಬೇಯಿಸಿ ಒಣಗಿಸಿದ ಮಾಲು ಸಿಗುವುದು ಸುಮಾರು 12-13 ಕೆ.ಜಿ. ಉಳಿದದ್ದರಲ್ಲಿ ನೀರು ಬಿಟ್ಟರೆ ಬಹುಪಾಲು ಸಿಪ್ಪೆಯೇ. ಹತ್ತಾರು ತೋಟದ್ದು ಒಂದೇ ಕಣದಲ್ಲಿ ಬಿದ್ದರೆ, ಸ್ವಂತ ತೋಟವಿಲ್ಲದ ಖೇಣಿದಾರ ಅದನ್ನು ಎಲ್ಲಿಡಬೇಕು? ರಾತ್ರಿ ಹೊತ್ತು ರಸ್ತೆಗೆ ಸುರಿದು ಬರುತ್ತಾನೆ.

ಇತ್ತ ತೋಟದವರು ಗೊಬ್ಬರದಂಗಡಿ ಮುಂದೆ ನಿಂತಿರುತ್ತೇವೆ. ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಅಂತ ಶಿಫಾರಸು. ಎಕರೆಗೆ 550 ಮರ ಹಿಡಿದರೆ 77 ಕೆ.ಜಿ., ಅಂದರೆ ಶೇ 60ರಷ್ಟು ಪೊಟ್ಯಾಷ್ ಇರುವ ಎಂಒಪಿ ಗೊಬ್ಬರವಾದರೆ 50 ಕೆ.ಜಿ.ಯ ಸುಮಾರು ಎರಡೂವರೆ ಚೀಲ. ಅದು ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಮರ ಹೀರಿಕೊಂಡ ಪೊಟ್ಯಾಷ್‌ನಲ್ಲಿ ಒಂದು ಪಾಲು ಸಿಪ್ಪೆಯಲ್ಲಿರುತ್ತದೆ. ಸುಟ್ಟರೆ ಬೂದಿಯಾಗಿ, ಮಳೆಗೆ ಚರಂಡಿ ಸೇರುತ್ತದೆ. ವರ್ತುಲ ಆರ್ಥಿಕತೆ, ಕಸವನ್ನೇ ಮತ್ತೆ ಬಳಸಬೇಕು ಅಂತ ಸಭೆಗಳಲ್ಲಿ ಭಾಷಣ ಮಾಡುವವರು ಒಮ್ಮೆ ಈ ರಸ್ತೆಯಲ್ಲಿ ಬರಲಿ.

ಸಿಪ್ಪೆ ಬೇಗ ಕೊಳೆಯಲ್ಲ ಅನ್ನುವುದೂ ನಿಜ. ನಾರು ಗಟ್ಟಿ. ಹಸಿಯಾಗಿಯೇ ಬುಡಕ್ಕೆ ಹಾಕಿದರೆ ಮರಕ್ಕೆ ಸಿಗಬೇಕಾದ ಸಾರಜನಕ ಸಿಪ್ಪೆ ಕೊಳೆಯುವುದಕ್ಕೇ ಖರ್ಚಾಗುತ್ತದೆ. ನಾವು ತೋಟದ ಮೂಲೆಯಲ್ಲಿ ಹರಡಿ, ಸಗಣಿ ಬಗ್ಗಡ ಚೆಲ್ಲಿ, ಗ್ಲಿರಿಸಿಡಿಯಾ ಸೊಪ್ಪು ಹಾಕಿ, ಮೇಲೆ ಇನ್ನೊಂದು ಪದರ ಕಟ್ಟುತ್ತೇವೆ. ನೀರು ಮಾತ್ರ ತಪ್ಪಿಸಬಾರದು. ಒಣಗಿದರೆ ಸಿಪ್ಪೆ ಸಿಪ್ಪೆಯಾಗೇ ಉಳಿಯುತ್ತದೆ. ತಿರುವಿ ಹಾಕುವಾಗ ಬೆರಳು ಗಾತ್ರದ ಬಿಳಿ ಹುಳ ಸಿಗುತ್ತವೆ, ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಗಳು. ಅವನ್ನು ಆರಿಸಿ ಕೋಳಿಗೆ ಹಾಕುತ್ತೇವೆ. ಮುಂಗಾರಿನ ಹೊತ್ತಿಗೆ ಕಪ್ಪಗಾಗಿ, ಹಿಚುಕಿದರೆ ಪುಡಿಯಾಗುತ್ತದೆ.

ಖೇಣಿ ಮಾತಾಡುವಾಗ ರೇಟು, ಮುಂಗಡ ಎಲ್ಲ ಬರೆಸುತ್ತೇವೆ. ಸಿಪ್ಪೆಯ ಸುದ್ದಿಯೇ ಇರುವುದಿಲ್ಲ. ಮುಂದಿನ ಸುತ್ತಿನ ಕೊಯ್ಲಿಗೆ ಬರುವ ಗಾಡಿ ಹಿಂದಿನ ಸುತ್ತಿನ ಸಿಪ್ಪೆ ತಂದು ತೋಟದಲ್ಲಿ ಇಳಿಸಬೇಕು ಅಂತ ಒಂದು ಸಾಲು ಸೇರಿಸೋಣ. ಹೇಗೂ ಖಾಲಿ ಬರುವ ಗಾಡಿ ತಾನೇ. ಖೇಣಿದಾರರು ಹಮಾಲಿ ಕೇಳಿದರೆ ಅರ್ಧ ನಾವು ಕೊಡೋಣ.

ಕೃಷಿ, ತೋಟಗಾರಿಕೆ ಇಲಾಖೆಗಳಲ್ಲಿ ನನ್ನದೊಂದು ಮನವಿ. ಸಿಪ್ಪೆಯನ್ನು ಚೂರು ಮಾಡಿದರೆ ಬೇಗ ಕೊಳೆಯುತ್ತದೆ. ಆದರೆ ಆ ಯಂತ್ರ ಸಣ್ಣ ರೈತರ ಕೈಗೆ ಎಟುಕುವುದಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಅದು ಬಾಡಿಗೆಗೆ ಸಿಗುವಂತಾಗಲಿ, ಅದೂ ಕೊಯ್ಲಿನ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ತಂದು ನಿಲ್ಲಿಸಿದರೆ ಸಿಪ್ಪೆಯೇ ಇರುವುದಿಲ್ಲ.

– ಒಬ್ಬ ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು