ಅರಸೀಕೆರೆ ಬಸ್ಸಿನ ಅಜ್ಜಿಗೆ

ಅಜ್ಜೀ, ನಿಮ್ಮ ಹೆಸರು ಕೇಳಲೇ ಇಲ್ಲ. ತಿಪಟೂರಿನಿಂದ ಅರಸೀಕೆರೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಿರಿ. ಅದಕ್ಕೂ ಮೊದಲು ಅಲ್ಲಿದ್ದವರು ನನ್ನ ಮುಖ ನೋಡಿ ಎದ್ದುಹೋಗಿದ್ದರು. ನನಗೆ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ತೊನ್ನು. ಬಿಸಿಲಿರಲಿ, ಇಲ್ಲದಿರಲಿ, ದುಪಟ್ಟಾ ಸುತ್ತಿಕೊಂಡೇ ಓಡಾಟ.

ಸ್ವಲ್ಪ ಹೊತ್ತು ನೋಡಿ ಕೇಳಿದಿರಿ, "ಉರಿಯುತ್ತೇನವ್ವಾ?"

ಇಷ್ಟು ವರ್ಷ ಜನ ಕೇಳಿದ್ದೆಲ್ಲ ಮದುವೆ ಹೇಗೆ ಅಂತ, ಮೀನು ತಿಂದು ಹಾಲು ಕುಡಿದೆಯಾ ಅಂತ. (ಅದರಿಂದ ತೊನ್ನು ಬರಲ್ಲ, ಬಿಡಿ.) ಉರಿಯಲ್ಲ ಅಜ್ಜಿ, ಬಿಸಿಲಿಗೆ ಮಾತ್ರ ಬೇಗ ಸುಡುತ್ತೆ ಅಂದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮ ಮೈಯೇ ಹಾಳು ಮಾಡಿಬಿಡುತ್ತೆ, ಆದ್ರೆ ಅಂಟಲ್ಲ ಅಂದೆ.

"ಅಂಟುತ್ತೆ ಅಂತ ಯಾರಂದ್ರು?" ಅಂತ ಸೆರಗಿನ ಗಂಟು ಬಿಚ್ಚಿ ಹುರಿದ ಕಡ್ಲೇಕಾಯಿ ಕೊಟ್ಟಿರಿ. ನಾನು ಸುಲಿದ ಬೀಜವನ್ನು ನನ್ನ ಬಿಳಿ ಬೆರಳಿಂದಲೇ ಎತ್ತಿ ಬಾಯಿಗೆ ಹಾಕಿಕೊಂಡಿರಿ. ಉಪ್ಪು ಜಾಸ್ತಿಯಾಯ್ತು ಅಂತ ಗೊಣಗಿದಿರಿ ಕೂಡ.

ತಿನ್ನೋಕೆ ದುಪಟ್ಟಾ ಇಳಿಸಲೇಬೇಕಿತ್ತು. ಮತ್ತೆ ಸುತ್ತಲಿಲ್ಲ. ಈ ಜೂನ್ 25ಕ್ಕೆ, ವಿಶ್ವ ವಿಟಿಲಿಗೋ (ಅಂದ್ರೆ ತೊನ್ನು) ದಿನ, ಆಫೀಸಿನ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಂತಿದ್ದೆ. ಥ್ಯಾಂಕ್ಸ್ ಅಜ್ಜಿ. ಮುಂದಿನ ಸಲ ಕಡ್ಲೇಕಾಯಿ ನನ್ನದು.