ಮಗಳಿಗೊಂದು ಪತ್ರ: ಹತ್ತು ಗುಂಟೆಯ ವಿಚಾರ

ಪುಟ್ಟಿ,

ಜಪಾನಿನ ಗದ್ದೆಯಿಂದ ನೀನು ಕಳಿಸಿದ ಫೋಟೊ ನಿನ್ನೆ ರಾತ್ರಿ ನೋಡಿದೆ. ಇಲ್ಲಿ ಕೃತ್ತಿಕೆ ಮಳೆ ಜೋರು, ಕರೆಂಟಿಲ್ಲ. ನೆಟ್‌ವರ್ಕ್ ಸಿಗಬೇಕಾದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಹತ್ತಿದೆ. ಮೊಣಕಾಲುದ್ದದ ರಬ್ಬರ್ ಬೂಟು, ಕೆನ್ನೆಗೆ ಕೆಸರು, ಹಿಂದೆ ಹಿಮ ಕರಗದ ಗುಡ್ಡ. ಮೇ ತಿಂಗಳಲ್ಲಿ ಹಿಮ ನೋಡುತ್ತಾ ಭತ್ತದ ನೆಟ್ಟಿ (ನಾಟಿ) ಮಾಡುವವರೂ ಇದ್ದಾರೆ ಅಂದರೆ ನಿನ್ನ ಅಜ್ಜಿ ನಂಬಲೇ ಇಲ್ಲ. "ಅಂಥಾ ನೀರಿಗೆ ಕಾಲಿಟ್ಟರೆ ಶೀತ ಆಗ್ತದೆ, ಕಾಳುಮೆಣಸಿನ ಕಷಾಯ ಮಾಡಿಕೊಳ್ಳೋಕೆ ಹೇಳು" ಅಂದರು. ಹೇಳಿದ್ದೇನೆ.

ಫೋನ್ ಮಾಡೋಣವೆಂದರೆ ನನಗೆ ಬಿಡುವಾಗುವ ಹೊತ್ತಿಗೆ ಜಪಾನಿನಲ್ಲಿ ಮಧ್ಯರಾತ್ರಿ. ಬೆಳಗ್ಗೆ ನಾಲ್ಕೂವರೆಗೆ ಏಳುವವಳನ್ನು ಎಬ್ಬಿಸೋದು ಬೇಡ ಅಂತ ಬರೆಯುತ್ತಿದ್ದೇನೆ.

ನೀನಿರುವ ನೀಗಾಟದ ಲೆಕ್ಕವೆಲ್ಲ ಕೂತು ಹಾಕಿದೆ. ಅವರ ಒಂದು ತನ್ ಅಂದರೆ ಸಾವಿರ ಚದರ ಮೀಟರ್, ನಮ್ಮ ಹತ್ತು ಗುಂಟೆ ಅನ್ನು. ಅದಕ್ಕೆ ಇಪ್ಪತ್ತು ಟ್ರೇ ಸಸಿ. ನೀರು ಕುಡಿದ ಟ್ರೇ ಒಂದೊಂದೂ ಐದಾರು ಕೆಜಿ ತೂಗುತ್ತದೆ ಅಂದೆಯಲ್ಲ, ಅದನ್ನು ದಿನವಿಡೀ ಗಾಡಿಯಿಂದ ಇಳಿಸಿ ನೆಟ್ಟಿ ಯಂತ್ರಕ್ಕೆ ಕೊಡೋದು ನಿನ್ನ ಕೆಲಸ. ಸೊಂಟ ಬಗ್ಗಿಸಿ ಎತ್ತಬೇಡ, ಮಂಡಿ ಮಡಚಿ ಎತ್ತು. ನನಗೆ ಇದು ಗೊತ್ತಾಗುವಾಗ ಸೊಂಟ ಹೋಗಿಯಾಗಿತ್ತು.

ಟ್ರೇಯಲ್ಲಿ ಬೇರು ಬೇರಿಗೆ ಹೆಣೆದುಕೊಂಡು ಸಸಿಯನ್ನು ಚಾಪೆ ಹಾಗೆ ಸುತ್ತಬಹುದು ಅಂತ ವಿಡಿಯೊ ಕಳಿಸಿದ್ದೀಯ. ಅದನ್ನು ನಾಲ್ಕು ಸಲ ನೋಡಿದೆ. ಅಗೆ (ಸಸಿ) ಕೀಳೋದಿಲ್ಲ, ಬೇರು ತೊಳೆಯೋದಿಲ್ಲ, ಸೂಡಿ ಕಟ್ಟೋದಿಲ್ಲ! ನಮ್ಮಲ್ಲಿ ಅಗೆ ಕೀಳುವ ದಿನವೇ ಅರ್ಧ ಜಗಳ ಆಗುತ್ತಿತ್ತು, ನಿನಗೆ ನೆನಪಿರಬಹುದು.

ಆದರೆ ನನಗೆ ತಟ್ಟಿದ್ದು ಯಂತ್ರವಲ್ಲ. ಯಂತ್ರ ತಿರುಗುವ ಮೂಲೆಗಳಲ್ಲಿ ಖಾಲಿ ಉಳಿಯುತ್ತದೆ, ಅಲ್ಲಿ ಕೈಯಲ್ಲೇ ನೆಡಬೇಕು ಅಂದೆ. ನೀನು ಎಡಗೈಯಲ್ಲಿ ಸಸಿ ಹಿಡಿದು, ಬಲಗೈಯಲ್ಲಿ ಮೂರ್ನಾಲ್ಕು ಬಿಡಿಸಿ, ಹೆಬ್ಬೆರಳಿನಿಂದ ಕೆಸರಿಗೊತ್ತಿ ಹಿಂದಕ್ಕೆ ಹೆಜ್ಜೆ ಇಟ್ಟಾಗ ಆ ಮನೆಯ ಅಜ್ಜಿ "ಜೋಜು" ಅಂದರಂತೆ. ಚೆನ್ನಾಗಿ ಬರುತ್ತೆ ನಿನಗೆ ಅಂತ. ಎಲ್ಲಿ ಕಲಿತೆ ಅಂತ ಕೇಳಿದರಂತೆ.

ಅದನ್ನೇ ನಾನೂ ಕೇಳಬೇಕು. ಎಂಟನೇ ಕ್ಲಾಸಿನಲ್ಲಿ ನೀನು ನೆಟ್ಟಿಗೆ ಬರ್ತೀನಿ ಅಂತ ಹಟ ಮಾಡಿದಾಗ ನಾನು ಗದರಿಸಿ ಪುಸ್ತಕ ಕೊಟ್ಟು ಕೂರಿಸಿದ್ದೆ. ಕೆಸರು ನನ್ನ ತಲೆಗೇ ಮುಗಿಯಲಿ ಅಂತಿತ್ತು. ನಿನ್ನೆ ನಮ್ಮ ಮನೆಯ ಅಜ್ಜಿ ಬಾಯಿಬಿಟ್ಟರು. ನಾನು ತೀರ್ಥಹಳ್ಳಿ ಪೇಟೆಗೆ ಹೋದ ದಿನ ನಿನ್ನನ್ನು ಕೆಳಗಿನ ಗದ್ದೆಗೆ ಇಳಿಸುತ್ತಿದ್ದರಂತೆ. ಇಷ್ಟು ವರ್ಷ ಇಬ್ಬರೂ ಸೇರಿ ಮುಚ್ಚಿಟ್ಟಿರಲ್ಲ, ಭಲೇ.

ಆ ಕೆಳಗಿನ ಗದ್ದೆ ಏನಾಯಿತು ಅಂತ ನಿನಗೆ ಗೊತ್ತು. 2019ರ ಆಗಸ್ಟ್ ಮಳೆಗೆ ಹಳ್ಳ ಉಕ್ಕಿ ಮೊಣಕಾಲೆತ್ತರ ಮರಳು ಬಂತು. ಆಳು ಸಿಗಲಿಲ್ಲ, ನನಗೂ ಸಾಕಾಗಿತ್ತು. ಮರುವರ್ಷ ಅಡಿಕೆ ಸಸಿ ಇಟ್ಟೆ. ಎಲ್ಲರೂ ಇಡುತ್ತಿದ್ದರು. ಈಗ ಅಡಿಕೆಗೆ ಎಲೆಚುಕ್ಕಿ ರೋಗ. ಔಷಧಿ ಹೊಡೆಸುತ್ತಿದ್ದೇನೆ, ನೋಡಬೇಕು. ಈ ಮನೆಯಲ್ಲಿ ಅಂಗಡಿಯಿಂದ ಅಕ್ಕಿ ತರುವಂತಾಗಿದ್ದು ಆ ವರ್ಷದಿಂದ. ಅಜ್ಜಿ ಏನೂ ಅನ್ನಲಿಲ್ಲ, ಆದರೆ ಚೀಲ ಬಿಚ್ಚೋಕೆ ಈಗಲೂ ಬರೋದಿಲ್ಲ.

ಅಲ್ಲಿಯ ಕೋಶಿಹಿಕಾರಿ ಅಕ್ಕಿ 1956ರಿಂದ ಇದೆಯಂತೆ, ಗಾಳಿಗೆ ಬೇಗ ಮಲಗುವ ತಳಿಯಾದರೂ ರುಚಿಗಾಗಿ ಬಿಟ್ಟಿಲ್ಲ ಅಂತ ನೀನೇ ಹೇಳಿದ್ದು. ನಮ್ಮ ಜೀರಿಗೆಸಣ್ಣ ಭತ್ತವೂ ಮಲಗುತ್ತಿತ್ತು. ನಾವು ಬಿಟ್ಟೆವು.

ಮೇಲಿನ ಕೆರೆ ಪಕ್ಕ ಹತ್ತು ಗುಂಟೆ ಇನ್ನೂ ಗದ್ದೆಯಾಗಿಯೇ ಇದೆ. ಅಡಿಕೆಗೆ ಬಸಿಗಾಲುವೆ ತೆಗೆಯೋಕೆ ಜೆಸಿಬಿಯವನಿಗೆ ಹೇಳಿದ್ದೆ. ಇವತ್ತು ಬೆಳಗ್ಗೆ ಬೇಡ ಅಂದೆ. ನೀನು ಜೂನ್ ಕೊನೆಗೆ ಬರುತ್ತೀಯ, ನಮ್ಮ ನೆಟ್ಟಿ ಜುಲೈಗೆ. ಮೃಗಶಿರ ಹುಟ್ಟುತ್ತಲೇ ಅಗೆ ಹಾಕಿದರೆ ಸರಿಹೋಗುತ್ತೆ. ಜೀರಿಗೆಸಣ್ಣದ ಬೀಜ ಪಕ್ಕದೂರಿನಲ್ಲಿ ಒಬ್ಬರ ಹತ್ತಿರ ಇದೆ, ಕೇಳಿದ್ದೇನೆ. ಇಪ್ಪತ್ತು ಟ್ರೇ ಸಿಕ್ಕರೆ ನಿನ್ನ ಕ್ರಮ, ಸಿಗದಿದ್ದರೆ ಅಜ್ಜಿಯ ಕ್ರಮ.

ಒಂದು ವಿಷಯ ತಿಳಿಸು. ಬೀಜ ಆರಿಸೋಕೆ ಉಪ್ಪುನೀರು ಮಾಡುವಾಗ, ಮೊಟ್ಟೆ ತೇಲಿ ಅದರ ನೆತ್ತಿ ನೀರಿನ ಮೇಲೆ ಕಾಣುವಷ್ಟು ಉಪ್ಪು ಅಂದೆಯಲ್ಲ. ಮುಳುಗಿದ್ದು ಬೀಜ, ತೇಲಿದ್ದು ಜೊಳ್ಳು. ನಮ್ಮ ರೈತ ಸಂಪರ್ಕ ಕೇಂದ್ರದವರೂ ಹಿಂದೆ ಇದನ್ನೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಮೊಟ್ಟೆ ಅಂದ ಕೂಡಲೇ ನಿನ್ನಮ್ಮ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಕೊಟ್ಟಿಗೆಯಲ್ಲಿ ಮಾಡ್ತೀನಿ ಅಂದರೂ ಒಪ್ಪುತ್ತಿಲ್ಲ. ಮೊಟ್ಟೆ ಇಲ್ಲದೆ, ಒಂದು ಕೊಡ ನೀರಿಗೆ ಎಷ್ಟು ಉಪ್ಪು ಅಂತ ಅಲ್ಲಿಯ ಅಜ್ಜಿಯನ್ನು ಕೇಳಿ ಬರಿ.

ನಿನ್ನ,
ಅಪ್ಪ